ಅರೇಬಿಕಾದಲ್ಲಿ 44, ರೊಬಸ್ಟಾದಲ್ಲಿ 22: ಕ್ರೋಮೋಸೋಮ್ ಸಂಖ್ಯೆ ಬದಲಾದರೆ ಗಿಡಕ್ಕೆ ಏನಾಗುತ್ತದೆ?

ಪ್ರಶ್ನೆ: ನಮ್ಮದು ಮೂಡಿಗೆರೆ ಕಡೆಯ ಕಾಫಿ ತೋಟ. ಅರೇಬಿಕಾದಲ್ಲಿ 44 ಕ್ರೋಮೋಸೋಮ್, ರೊಬಸ್ಟಾದಲ್ಲಿ 22 ಅಂತ ಬಿಎಸ್ಸಿ ಓದುತ್ತಿರುವ ಮಗಳು ಹೇಳಿದಳು. ಮನುಷ್ಯರಲ್ಲಿ ಒಂದೇ ಒಂದು ಜಾಸ್ತಿ ಆದರೂ ಮಗುವಿಗೆ ಡೌನ್ ಸಿಂಡ್ರೋಮ್ ಬರುತ್ತದೆ ಅಲ್ವಾ? ಗಿಡದಲ್ಲಿ ಪೂರ್ತಿ ದುಪ್ಪಟ್ಟಾದರೂ ಏನೂ ಆಗುವುದಿಲ್ಲವೇ? ಸಂಖ್ಯೆ ಹೀಗೆ ಬದಲಾಗಿಯೇ ಹೊಸ ಜಾತಿ ಹುಟ್ಟುತ್ತದೆ ಅನ್ನುವುದು ನಿಜವೇ? ಇನ್ನೊಂದು ವಿಷಯ. ನಮ್ಮಲ್ಲಿ ಅರೇಬಿಕಾ, ರೊಬಸ್ಟಾ ಎರಡೂ ಅಕ್ಕಪಕ್ಕ ಇವೆ. ನಡುವೆ ತಾನಾಗಿ ಎದ್ದ ಒಂದು ಗಿಡ ಭರ್ಜರಿಯಾಗಿ ಬೆಳೆದಿದೆ. ಹೂವು ಜೋರು, ಕಾಯಿ ಮಾತ್ರ ಬೆರಳೆಣಿಕೆ. ಅದಕ್ಕೂ ಈ ಸಂಖ್ಯೆಗೂ ಸಂಬಂಧ ಇದೆಯೇ?

ಉತ್ತರ: ಕ್ರೋಮೋಸೋಮ್ ಅಂದರೆ ಜೀವಕೋಶದೊಳಗೆ ಜೀನ್‌ಗಳನ್ನು ಹೊತ್ತಿರುವ ಎಳೆ. ತಂದೆಯಿಂದ ಒಂದು ಸೆಟ್, ತಾಯಿಯಿಂದ ಒಂದು ಸೆಟ್ ಬರುತ್ತದೆ. ಒಂದು ಕ್ರೋಮೋಸೋಮ್ ಜಾಸ್ತಿ ಆಗುವುದು ಬೇರೆ, ಒಂದು ಪೂರ್ತಿ ಸೆಟ್ ಜಾಸ್ತಿ ಆಗುವುದು ಬೇರೆ. ಡೌನ್ ಸಿಂಡ್ರೋಮ್‌ನಲ್ಲಿ 21ನೇ ಕ್ರೋಮೋಸೋಮ್ ಮಾತ್ರ ಎರಡರ ಬದಲು ಮೂರು ಇರುತ್ತದೆ. ಅದರ ಮೇಲಿನ ಜೀನ್‌ಗಳ ಪ್ರತಿ ಒಂದೂವರೆ ಪಟ್ಟಾಗುತ್ತದೆ, ಮಿಕ್ಕ ಜೀನ್‌ಗಳು ಮೊದಲಿನಷ್ಟೇ ಇರುತ್ತವೆ. ಜೀವಕೋಶದೊಳಗೆ ಸಾವಿರಾರು ಪ್ರೋಟೀನುಗಳು ಒಂದಕ್ಕೊಂದು ಇಂತಿಷ್ಟು ಎಂಬ ಲೆಕ್ಕದಲ್ಲಿ ಇರಬೇಕು. ಆ ಲೆಕ್ಕ ತಪ್ಪುವುದೇ ತೊಂದರೆ. ಎಲ್ಲ ಕ್ರೋಮೋಸೋಮ್‌ಗಳೂ ಒಟ್ಟಿಗೆ ದುಪ್ಪಟ್ಟಾದರೆ ಆ ಲೆಕ್ಕ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ.

ಗಿಡಗಳಲ್ಲೂ ಒಂದೇ ಒಂದು ಜಾಸ್ತಿಯಾದರೆ ಎದ್ದು ಕಾಣುತ್ತದೆ. ಇದನ್ನು ತುಂಬ ಚೆನ್ನಾಗಿ ತೋರಿಸಿದ್ದು ಉಮ್ಮತ್ತಿ ಗಿಡ, ಅಂದರೆ ದತ್ತೂರಿ. ಅದರಲ್ಲಿ 12 ಜೋಡಿ, ಒಟ್ಟು 24 ಕ್ರೋಮೋಸೋಮ್. ಅಮೆರಿಕದ ಆಲ್ಬರ್ಟ್ ಬ್ಲೇಕ್ಸ್ಲೀ ಮತ್ತು ಅವರ ಜೊತೆಯವರು ನೂರು ವರ್ಷದ ಹಿಂದೆ 25 ಇರುವ ಉಮ್ಮತ್ತಿ ಗಿಡಗಳನ್ನು ಹುಡುಕಿ ಬೆಳೆಸಿದರು. ಯಾವ ಕ್ರೋಮೋಸೋಮ್ ಹೆಚ್ಚಾಗಿದೆಯೋ ಅದಕ್ಕೆ ತಕ್ಕ ಹಾಗೆ ಕಾಯಿಯ ಆಕಾರ ಬೇರೆ. ಒಂದರ ಕಾಯಿ ಚೆಂಡಿನಂತೆ ಗುಂಡಗೆ, ಇನ್ನೊಂದರದು ಉದ್ದಕ್ಕೆ, ಮತ್ತೊಂದರದು ಚಿಕ್ಕದು. 12 ಕ್ರೋಮೋಸೋಮ್‌ಗಳಿಗೆ 12 ಬಗೆಯ ಕಾಯಿ. ಸಾಲಾಗಿಟ್ಟರೆ ಯಾವುದು ಜಾಸ್ತಿ ಇದೆ ಎಂದು ಕಣ್ಣಲ್ಲೇ ಹೇಳಬಹುದಿತ್ತು. ಆದರೆ ಪೂರ್ತಿ ಸೆಟ್ಟೇ ದುಪ್ಪಟ್ಟಾಗಿ 48 ಆದ ಉಮ್ಮತ್ತಿಯಲ್ಲಿ ಇಂಥ ವಿಕಾರ ಇರಲಿಲ್ಲ. ಹೂವು, ಪರಾಗದ ಕಣ ದಪ್ಪವಾಗಿದ್ದವು, ಅಷ್ಟೇ.

ಹಾಗಾದರೆ ಮನುಷ್ಯರಲ್ಲಿ ಪೂರ್ತಿ ಸೆಟ್ ಜಾಸ್ತಿಯಾದರೆ? ಅಂಥ ಭ್ರೂಣ ಉಳಿಯುವುದಿಲ್ಲ. ಕೆಲವು ಕಪ್ಪೆ, ಮೀನುಗಳಲ್ಲಿ ದುಪ್ಪಟ್ಟಾದ ಜಾತಿಗಳಿವೆ, ಸಸ್ತನಿಗಳಿಗೆ ಮಾತ್ರ ಇದು ಆಗಿಬರುವುದಿಲ್ಲ. ಗಿಡದ ಬದುಕು ಬೇರೆ ಥರ. ಬಹಳಷ್ಟು ಗಿಡಗಳಲ್ಲಿ ಗಂಡು ಹೆಣ್ಣು ಒಂದೇ ಹೂವಿನಲ್ಲಿ ಇರುತ್ತದೆ. ಲಿಂಗ ನಿರ್ಧರಿಸುವ ಕ್ರೋಮೋಸೋಮ್‌ಗಳ ಗೋಜು ಇಲ್ಲ. ಜೊತೆ ಸಿಗದಿದ್ದರೆ ತನ್ನ ಪರಾಗದಿಂದಲೇ ಕಾಯಿ ಕಟ್ಟಬಹುದು. ಕಾಯಿಯೇ ಕಟ್ಟದಿದ್ದರೂ ಬೇರು, ಕಂದು, ಗೆಡ್ಡೆಯಿಂದ ವರ್ಷಗಟ್ಟಲೆ ಬದುಕಬಹುದು. ಇನ್ನೂ ಒಂದಿದೆ. ಗಿಡದ ಒಂದು ಕುಡಿಯಲ್ಲಿ ಕ್ರೋಮೋಸೋಮ್ ದುಪ್ಪಟ್ಟಾದರೆ ಆ ಕುಡಿಯೇ ಕೊಂಬೆಯಾಗಿ, ಅದರಲ್ಲೇ ಹೂವು ಬಿಟ್ಟು ಬೀಜ ಆಗುತ್ತದೆ. ನಮ್ಮ ಮೈಯಲ್ಲಿ ಇದು ಸಾಧ್ಯವೇ ಇಲ್ಲ.

ದುಪ್ಪಟ್ಟಾಗುವುದು ಹೇಗೆ ಎನ್ನುವುದನ್ನು ನೋಡೋಣ, ನಿಮ್ಮ ಉಳಿದ ಎರಡೂ ಪ್ರಶ್ನೆಗೆ ಅದೇ ಬುನಾದಿ. ಪರಾಗ ಅಥವಾ ಅಂಡ ತಯಾರಾಗುವಾಗ ಕ್ರೋಮೋಸೋಮ್‌ಗಳು ಮೊದಲು ತಮ್ಮ ತಮ್ಮ ಜೋಡಿಯ ಜೊತೆ ಸೇರುತ್ತವೆ. ಆಮೇಲೆ ಜೋಡಿ ಬಿಟ್ಟು ಒಂದು ಈ ಕಡೆ, ಒಂದು ಆ ಕಡೆ ಹೋಗುತ್ತದೆ. 22 ಇದ್ದದ್ದು 11 ಆಗುತ್ತದೆ. ಇದಕ್ಕೆ ಮಿಯೋಸಿಸ್ ಅನ್ನುತ್ತಾರೆ. ಈ ಕೆಲಸ ಒಮ್ಮೊಮ್ಮೆ ಕೆಡುತ್ತದೆ. ಅರ್ಧ ಆಗಬೇಕಾದದ್ದು ಆಗದೆ ಪೂರ್ತಿ 22 ಇರುವ ಪರಾಗವೋ ಅಂಡವೋ ಉಳಿದುಬಿಡುತ್ತದೆ. ಸಾಮಾನ್ಯ ಗಿಡಗಳಲ್ಲಿ ಇದು ಸರಾಸರಿ ಇನ್ನೂರಕ್ಕೆ ಒಂದರಷ್ಟು. ಎರಡು ಜಾತಿ ಬೆರೆತು ಹುಟ್ಟಿದ ಬೆರಕೆ ಗಿಡಗಳಲ್ಲಿ ಸರಾಸರಿ ನೂರಕ್ಕೆ 25ನ್ನೂ ದಾಟುತ್ತದೆ ಅನ್ನುವುದು ಹಲವು ಅಧ್ಯಯನಗಳ ಲೆಕ್ಕ ಸೇರಿಸಿ ನೋಡಿದಾಗ ಕಂಡದ್ದು. ವಿಪರೀತ ಚಳಿ ಅಥವಾ ಬಿಸಿಲು ತಾಗಿದರೆ ಈ ಎಡವಟ್ಟು ಇನ್ನೂ ಜಾಸ್ತಿ.

ಬೆರಕೆ ಗಿಡಗಳಲ್ಲಿ ಯಾಕೆ ಇಷ್ಟು ಹೆಚ್ಚು? ಎರಡು ಬೇರೆ ಜಾತಿಯ ಕ್ರೋಮೋಸೋಮ್‌ಗಳು ಒಂದೇ ಕೋಶದಲ್ಲಿ ಇದ್ದರೆ ಜೋಡಿ ಸಿಗುವುದೇ ಕಷ್ಟ. ಜೋಡಿ ಆಗದವು ಸರಿಯಾಗಿ ಹಂಚಿಕೆಯೂ ಆಗುವುದಿಲ್ಲ. ಹುಟ್ಟುವ ಪರಾಗ ಬಹುಪಾಲು ಜೊಳ್ಳು. ಹಾಗಾಗಿ ಬೆರಕೆ ಗಿಡ ಬಂಜೆ. ಆದರೆ ಅದರಲ್ಲಿ ಒಟ್ಟು ಸಂಖ್ಯೆ ದುಪ್ಪಟ್ಟಾಗಿಬಿಟ್ಟರೆ ಒಂದು ದೊಡ್ಡ ಬದಲಾವಣೆ ಆಗುತ್ತದೆ. ಪ್ರತಿ ಕ್ರೋಮೋಸೋಮ್‌ಗೂ ತನ್ನದೇ ಇನ್ನೊಂದು ಪ್ರತಿ ಸಿಗುತ್ತದೆ. ಜೋಡಿ ಕೂಡುತ್ತದೆ. ಬಂಜೆಯಾಗಿದ್ದ ಗಿಡ ಬೀಜ ಕಟ್ಟುತ್ತದೆ. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಇಂಥದ್ದು ಜನರ ಕಣ್ಣೆದುರೇ ಆಯಿತು. ಪ್ರಿಮುಲಾ ಎಂಬ ಹೂಗಿಡದ ಎರಡು ಜಾತಿಗಳು ಬೆರೆತು ಒಂದು ಬಂಜೆ ಗಿಡ ಹುಟ್ಟಿತ್ತು, 18 ಕ್ರೋಮೋಸೋಮ್. ವರ್ಷಗಳಾದ ಮೇಲೆ ಅದರ ಒಂದು ಕೊಂಬೆ ಬೀಜ ಕಟ್ಟಿತು. ಎಣಿಸಿದರೆ 36.

ನಿಮ್ಮ ಅರೇಬಿಕಾ ಹುಟ್ಟಿದ್ದೂ ಹೀಗೆಯೇ. ಅದರ ತಂದೆ ತಾಯಿ ಯಾರೆಂದು ಈಗ ಗೊತ್ತಿದೆ. ಒಂದು ರೊಬಸ್ಟಾ, ವೈಜ್ಞಾನಿಕ ಹೆಸರು ಕಾಫಿಯಾ ಕ್ಯಾನೆಫೊರಾ. ಇನ್ನೊಂದು ಪೂರ್ವ ಆಫ್ರಿಕಾದ ಎತ್ತರದ ಕಾಡುಗಳಲ್ಲಿ ಬೆಳೆಯುವ ಸಣ್ಣ ಎಲೆಯ ಕಾಫಿಯಾ ಯೂಜಿನಿಯಾಯ್ಡಿಸ್. ಎರಡರಲ್ಲೂ 22. ಎರಡೂ ಕೂಡಿ, ಸಂಖ್ಯೆ ದುಪ್ಪಟ್ಟಾಗಿ 44ರ ಅರೇಬಿಕಾ ಆಯಿತು. ಯಾವಾಗ ಎನ್ನುವುದರಲ್ಲಿ ಒಮ್ಮತ ಇಲ್ಲ. 2024ರಲ್ಲಿ ಪ್ರಕಟವಾದ ಜೀನೋಮ್ (ಗಿಡದ ಪೂರ್ತಿ ಡಿಎನ್ಎ) ಅಧ್ಯಯನ ಸುಮಾರು 6 ಲಕ್ಷ ವರ್ಷದ ಹಿಂದೆ ಅನ್ನುತ್ತದೆ. ಅದಕ್ಕೆ ಮೊದಲಿನ ಕೆಲವು ಲೆಕ್ಕಗಳು ಕೆಲವು ಹತ್ತು ಸಾವಿರ ವರ್ಷ ಅನ್ನುತ್ತಿದ್ದವು. ಯಾವುದೇ ಇರಲಿ, ಕಾಫಿ ಕುಲದ ನೂರಿಪ್ಪತ್ತಕ್ಕೂ ಹೆಚ್ಚು ಜಾತಿಗಳಲ್ಲಿ 44 ಇರುವುದು ಅರೇಬಿಕಾ ಒಂದರಲ್ಲೇ. ಮಿಕ್ಕ ಎಲ್ಲವೂ 22.

ಈಗ ಆ ಮೊದಲ ಅರೇಬಿಕಾ ಗಿಡದ ಪರಿಸ್ಥಿತಿ ಯೋಚಿಸಿ. ಸುತ್ತಲೂ 22ರ ಗಿಡಗಳು. ಅವುಗಳ ಪರಾಗದಲ್ಲಿ 11. ಇದರ ಅಂಡದಲ್ಲಿ 22. ಕೂಡಿದರೆ 33, ಅಂದರೆ ಮೂರು ಸೆಟ್. ಎರಡು ಸೆಟ್ ಜೋಡಿಯಾದರೆ ಮೂರನೆಯದು ಒಂಟಿ. ಆ ಮರಿಗಳು ಬಹುತೇಕ ಬಂಜೆ. ತನ್ನ ತವರಿನ ಜಾತಿಗಳ ಜೊತೆಗೇ ಕೂಡಿ ಸಂತಾನ ಬೆಳೆಸಲಾಗದ ಗಿಡ ಅದು. ಒಂದೇ ಪೀಳಿಗೆಯಲ್ಲಿ ಬೇಲಿ ಬಿದ್ದಾಯಿತು.

ಸಂಖ್ಯೆ ಬದಲಾದರೆ ಗಿಡಕ್ಕೆ ಶಕ್ತಿ ಹೆಚ್ಚುತ್ತದೆ, ಎಲೆ ದಪ್ಪ ಆಗುತ್ತದೆ, ಬರ ತಾಳುತ್ತದೆ ಎಂದೆಲ್ಲ ಹೇಳುವುದುಂಟು. ಕೆಲವೊಮ್ಮೆ ನಿಜವೂ ಹೌದು. ಆದರೆ ನನ್ನ ಮಟ್ಟಿಗೆ ಮುಖ್ಯವಾದದ್ದು ಅದಲ್ಲ. ಸಂಖ್ಯೆ ಬದಲಾದ ಕೂಡಲೇ ಆಗುವುದು ಬೇರ್ಪಡೆ. ಗುಡ್ಡ ಅಡ್ಡ ಬಂದು, ನದಿ ಅಡ್ಡ ಬಂದು, ಲಕ್ಷಾಂತರ ವರ್ಷ ಕಾದು ಆಗಬೇಕಾದ ಕೆಲಸ ಒಂದೇ ತಲೆಮಾರಿನಲ್ಲಿ, ಒಂದೇ ಕಾಡಿನೊಳಗೆ ಆಗಿಬಿಡುತ್ತದೆ. ಲಾಭ ಏನಾದರೂ ಇದ್ದರೆ ಆಮೇಲೆ, ನಿಧಾನಕ್ಕೆ ಬರುತ್ತದೆ.

ಮತ್ತು ಆ ಬೇರ್ಪಡೆ ಗಿಡಕ್ಕೆ ಅಪಾಯ ಕೂಡ. ಒಂಟಿ ಗಿಡಕ್ಕೆ ಬರುವ ಪರಾಗವೆಲ್ಲ ಬೇರೆಯವರದೇ ಆದರೆ ಅದರ ಅಂಡಗಳೆಲ್ಲ ಬಂಜೆ ಮರಿಗಳಿಗೇ ಖರ್ಚಾಗುತ್ತವೆ. ಸಂಖ್ಯೆ ದುಪ್ಪಟ್ಟಾದ ಹೆಚ್ಚಿನ ಗಿಡಗಳು ಹೀಗೆಯೇ ಹೆಸರಿಲ್ಲದೆ ಅಳಿದುಹೋಗುತ್ತವೆ. ಉಳಿಯಲು ಇರುವ ದಾರಿ ಕೆಲವೇ. ತನ್ನ ಪರಾಗವನ್ನು ತಾನೇ ಒಪ್ಪಿಕೊಳ್ಳಬೇಕು, ಇಲ್ಲವೇ ಕಂದು ಹೊಡೆದು ಹರಡಬೇಕು, ಇಲ್ಲವೇ ತವರಿನವರು ಬೆಳೆಯದ ಜಾಗಕ್ಕೆ ಹೋಗಿ ಸೇರಬೇಕು.

ಅರೇಬಿಕಾ ಮೊದಲ ದಾರಿ ಹಿಡಿಯಿತು. ರೊಬಸ್ಟಾ ತನ್ನ ಪರಾಗದಿಂದ ತಾನು ಕಾಯಿ ಕಟ್ಟುವುದಿಲ್ಲ, ಯೂಜಿನಿಯಾಯ್ಡಿಸ್ ಕೂಡ ಹಾಗೇ. ಇಬ್ಬರ ಮಗು ಅರೇಬಿಕಾ ಮಾತ್ರ ಸ್ವಂತ ಪರಾಗವನ್ನು ಒಪ್ಪುತ್ತದೆ. ತೋಟ ಮಾಡುವ ನಿಮಗೆ ಇದು ಗೊತ್ತಿರುವ ಸಂಗತಿಯೇ. ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ಊರಿದರು ಎಂಬ ಐತಿಹ್ಯ ಇದೆಯಲ್ಲ, ಅದು ಅರೇಬಿಕಾ ಆದದ್ದರಿಂದಲೇ ನಡೆಯುವ ಮಾತು. ಅರೇಬಿಕಾದ ಒಂದೇ ಗಿಡ ಉಳಿದಿದ್ದರೂ ಅದು ಕಾಯಿ ಕಟ್ಟಿ ಮುಂದಿನ ತೋಟಕ್ಕೆ ಬೀಜ ಕೊಡುತ್ತಿತ್ತು. ರೊಬಸ್ಟಾದ ಒಂಟಿ ಗಿಡದಿಂದ ತೋಟ ಎಬ್ಬಿಸಲು ಆಗುತ್ತಿರಲಿಲ್ಲ.

ಇದಕ್ಕೆ ತೆತ್ತ ಬೆಲೆಯೂ ದೊಡ್ಡದು. ಒಂದೇ ಒಂದು ಅಥವಾ ಕೆಲವೇ ಬೆರಕೆ ಗಿಡಗಳಿಂದ ಶುರುವಾದ ಜಾತಿ, ಮೇಲೆ ಸ್ವಂತ ಪರಾಗದ ಸಂಸಾರ. ಹಾಗಾಗಿ ಅರೇಬಿಕಾ ಗಿಡಗಳ ನಡುವೆ ಒಳಗಿನ ವ್ಯತ್ಯಾಸ ತೀರಾ ಕಡಿಮೆ. ಎಲೆ ತುಕ್ಕು ರೋಗ ಬಂದಾಗ ಒಂದು ಗಿಡಕ್ಕೆ ಹತ್ತಿದ್ದು ಇಡೀ ತೋಟಕ್ಕೆ ಹತ್ತಿತು. 1869ರಲ್ಲಿ ಸಿಲೋನಿನಲ್ಲಿ ಕಂಡ ತುಕ್ಕು ಅಲ್ಲಿನ ಕಾಫಿಯನ್ನೇ ಮುಗಿಸಿತು, ನಮ್ಮ ಕಡೆಗೂ ಬಂತು. ಅರೇಬಿಕಾಕ್ಕೆ ಗಟ್ಟಿತನ ತರಬೇಕೆಂದರೆ 22ರ ಜಾತಿಗಳಿಂದ ತರಬೇಕು. ಅವುಗಳ ನಡುವೆ ಇರುವುದು ಅದೇ ಬೇಲಿ.

ಆ ಬೇಲಿ ಹಾರಿದ್ದೂ ಮಿಯೋಸಿಸ್‌ನ ಅದೇ ಎಡವಟ್ಟಿನಿಂದ. 1920ರ ದಶಕದಲ್ಲಿ ಟಿಮೋರ್ ದ್ವೀಪದ ಅರೇಬಿಕಾ ತೋಟವೊಂದರಲ್ಲಿ ತುಕ್ಕು ಹತ್ತದ ಒಂದು ಗಿಡ ಕಂಡಿತು. ರೊಬಸ್ಟಾ ಕಡೆಯಿಂದ 11ರ ಬದಲು ಪೂರ್ತಿ 22 ಬಂದು ಅರೇಬಿಕಾದ 22ರ ಜೊತೆ ಕೂಡಿತ್ತು. ಒಟ್ಟು 44. ಹಾಗಾಗಿ ಅದು ಬಂಜೆಯಾಗಲಿಲ್ಲ, ಅರೇಬಿಕಾ ಜೊತೆ ಸಲೀಸಾಗಿ ಕೂಡಿತು. ನಮ್ಮಲ್ಲಿ ಕಾವೇರಿ, ಚಂದ್ರಗಿರಿ ಎಂದು ಬೆಳೆಯುವ ತಳಿಗಳ ವಂಶದಲ್ಲಿ ಈ ಟಿಮೋರ್ ಗಿಡ ಇದೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ಎಸ್.795 ತಳಿ ಇದೆಯಲ್ಲ, ಅದರ ಹಿಂದೆ ಅರೇಬಿಕಾ ಮತ್ತು 22ರ ಇನ್ನೊಂದು ಕಾಫಿ ಜಾತಿ ಲಿಬೆರಿಕಾ ತಾವಾಗಿ ಬೆರೆತ ಗಿಡ ಇದೆ. ತುಕ್ಕಿನ ಶಿಲೀಂಧ್ರವೂ ಬದಲಾಗುತ್ತಲೇ ಇರುತ್ತದೆ, ಈ ತಳಿಗಳಲ್ಲಿ ಕೆಲವಕ್ಕೆ ಆಮೇಲೆ ರೋಗ ಹತ್ತಿತು. ಆದರೂ ಈ ಬೆರಕೆಗಳಿಲ್ಲದೆ ನಮ್ಮ ಅರೇಬಿಕಾ ಇವತ್ತಿನವರೆಗೆ ಬರುತ್ತಿರಲಿಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಕಾಫಿ ಒಂದೇ ಹೀಗೆ ಎಂದುಕೊಳ್ಳಬೇಡಿ. ಒಗ್ಗರಣೆಗೆ ಹಾಕುವ ಸಾಸಿವೆಯನ್ನೇ ತೆಗೆದುಕೊಳ್ಳಿ. ಈ ಗುಂಪಿನಲ್ಲಿ ಮೂರು ಮೂಲ ಜಾತಿಗಳು. ಟರ್ನಿಪ್ ಇರುವ ಜಾತಿಯ ಪರಾಗದಲ್ಲಿ 10 ಕ್ರೋಮೋಸೋಮ್. ಎಲೆಕೋಸು, ಹೂಕೋಸು, ನವಿಲುಕೋಸು ಮೂರೂ ಒಂದೇ ಜಾತಿ, ಅದರಲ್ಲಿ 9. ಯುರೋಪಿನ ಅಡುಗೆಯಲ್ಲಿ ಹೆಸರಾದ ಬ್ಲ್ಯಾಕ್ ಮಸ್ಟರ್ಡ್ ಎಂಬ ಕರಿ ಸಾಸಿವೆಯಲ್ಲಿ 8. ಈಗ ಕೂಡಿಸಿ. 10 ಮತ್ತು 8 ಸೇರಿ 18, ಇದು ನಮ್ಮ ಭಾರತದ ಸಾಸಿವೆ. 10 ಮತ್ತು 9 ಸೇರಿ 19, ಇದು ಕೆನೋಲಾ ಎಣ್ಣೆ ಬರುವ ರೇಪ್ ಗಿಡ. 9 ಮತ್ತು 8 ಸೇರಿ 17, ಇದು ಇಥಿಯೋಪಿಯಾದ ಸಾಸಿವೆ. ಜಪಾನಿನಲ್ಲಿ ಹುಟ್ಟಿ ಅಲ್ಲೇ ಕೆಲಸ ಮಾಡುತ್ತಿದ್ದ ಕೊರಿಯಾ ಮೂಲದ ವೂ ಜಾಂಗ್ ಚೂನ್ 1935ರಲ್ಲಿ ಇದನ್ನು ಬರೀ ಲೆಕ್ಕದಲ್ಲಿ ಹೇಳಿ ಬಿಡಲಿಲ್ಲ. 10ರ ಮತ್ತು 9ರ ಜಾತಿಗಳನ್ನು ಕೂಡಿಸಿ ರೇಪ್ ಗಿಡವನ್ನೇ ಹೊಸದಾಗಿ ಹುಟ್ಟಿಸಿ ತೋರಿಸಿದರು. ಹೊಸ ಜಾತಿ ಹುಟ್ಟುವುದು ಪುಸ್ತಕದ ಮಾತೇ ಎಂಬ ಅನುಮಾನಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಕಾಡಿನಲ್ಲಿ, ಮನುಷ್ಯನ ಕೈ ಇಲ್ಲದೆ, ನಮ್ಮ ಕಾಲದಲ್ಲೇ ಆದದ್ದೂ ಇದೆ. ಟ್ರಾಗೊಪೋಗಾನ್ ಎಂಬ ಗಿಡದ ಮೂರು ಜಾತಿಗಳು ಯುರೋಪಿನಿಂದ ಅಮೆರಿಕದ ವಾಷಿಂಗ್ಟನ್, ಐಡಾಹೋ ರಾಜ್ಯಗಳ ಗಡಿ ಭಾಗಕ್ಕೆ 20ನೇ ಶತಮಾನದ ಆರಂಭದಲ್ಲಿ ಬಂದವು. ಮೂರರಲ್ಲೂ 12 ಕ್ರೋಮೋಸೋಮ್. 1950ರಲ್ಲಿ ಮೇರಿಯನ್ ಓನ್‌ಬೀ ಅಲ್ಲಿ ಎರಡು ಹೊಸ ಜಾತಿಗಳನ್ನು ವರದಿ ಮಾಡಿದರು, ಎರಡರಲ್ಲೂ 24. ಯುರೋಪಿನಲ್ಲಿ ಅವು ಇರಲೇ ಇಲ್ಲ. ಅಂದರೆ ಹುಟ್ಟಿ ನೂರು ವರ್ಷವೂ ಆಗದ ಜಾತಿಗಳು. ಆಮೇಲೆ ಡಿಎನ್ಎ ನೋಡಿದಾಗ ತಿಳಿದದ್ದು, ಅವು ಒಮ್ಮೆ ಅಲ್ಲ, ಬೇರೆ ಬೇರೆ ಊರುಗಳಲ್ಲಿ ಹಲವು ಸಲ ಹುಟ್ಟಿವೆ. ಒಂದು ಜಾತಿ ಒಂದೇ ಸಲ ಹುಟ್ಟುತ್ತದೆ ಎಂಬ ನಮ್ಮ ಎಣಿಕೆಯನ್ನೇ ಇದು ಅಲುಗಾಡಿಸಿತು.

ಬೆರಕೆ ಉಳಿದ ಮೇಲೆ ಮುಂದೇನು? ಇಲ್ಲಿ ಗೋಧಿಯ ಕಥೆ ಹೇಳಲೇಬೇಕು. ಉತ್ತರ ಕರ್ನಾಟಕದಲ್ಲಿ ಹುಗ್ಗಿಗೆ, ಮಾದಲಿಗೆ ಬಳಸುವ ಜವೆಗೋಧಿಯಲ್ಲಿ 28 ಕ್ರೋಮೋಸೋಮ್. ಇದು 14ರ ಎರಡು ಕಾಡುಹುಲ್ಲುಗಳು ಕೂಡಿ ಆದದ್ದು. ಚಪಾತಿ, ಬ್ರೆಡ್ಡಿನ ಗೋಧಿಯಲ್ಲಿ 42. ಪಶ್ಚಿಮ ಏಷ್ಯಾದಲ್ಲಿ, ಕ್ಯಾಸ್ಪಿಯನ್ ಸಮುದ್ರದ ದಕ್ಷಿಣದ ಕಡೆ, ಬೇಸಾಯ ಶುರುವಾದ ಮೇಲೆ, 28ರ ಗೋಧಿ ಹೊಲಕ್ಕೆ 14ರ ಇನ್ನೊಂದು ಹುಲ್ಲು ಬೆರೆತು ಇದು ಹುಟ್ಟಿತು. ಅದಕ್ಕೇ 42 ಇರುವ ಗೋಧಿ ಕಾಡಿನಲ್ಲಿ ಎಲ್ಲೂ ಇಲ್ಲ. ಆ ಮೂರನೆಯ ಹುಲ್ಲು ಚಳಿ ತಾಳುವ ಗುಣ ತಂದಿತು, ಹಿಟ್ಟು ಹಿಗ್ಗಿ ಉಬ್ಬುವ ಗುಣವನ್ನೂ ತಂದಿತು.

ಆದರೆ 42ರಲ್ಲಿ ಒಂದು ತಲೆನೋವು ಇದೆ. ಮೂರೂ ಹುಲ್ಲುಗಳು ದಾಯಾದಿಗಳೇ. ಒಂದರ ಕ್ರೋಮೋಸೋಮ್ ಇನ್ನೊಂದರದರ ಜೊತೆ ಜೋಡಿ ಆಗಲು ಹೊರಟರೆ ಹಂಚಿಕೆ ಎಲ್ಲ ಕೆಡುತ್ತದೆ. ಗೋಧಿಯಲ್ಲಿ ಹಾಗೆ ಆಗುವುದಿಲ್ಲ. ಪಿಎಚ್1 ಎಂಬ ಒಂದು ಜೀನ್ ಜಾಗ ಇದನ್ನು ತಡೆಯುತ್ತದೆ. 1958ರಲ್ಲಿ ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ಬೇರೆ ಬೇರೆಯಾಗಿ ಇದನ್ನು ಕಂಡುಹಿಡಿದರು. ಅದು ಇರುವ ಕ್ರೋಮೋಸೋಮನ್ನು ತೆಗೆದುಹಾಕಿದರೆ ದಾಯಾದಿಗಳೂ ಜೋಡಿಯಾಗಲು ಶುರುಮಾಡುತ್ತವೆ. ಸಂಖ್ಯೆ ದುಪ್ಪಟ್ಟಾಗುವುದು ಒಂದು ಕ್ಷಣದ ಕೆಲಸ. ಅದನ್ನು ಪ್ರತಿ ಪೀಳಿಗೆಯಲ್ಲೂ ಸರಿಯಾಗಿ ಹಂಚಿಕೊಂಡು ಹೋಗುವ ಶಿಸ್ತು ಬರುವುದು ಆಯ್ಕೆಯ ಒತ್ತಡದಲ್ಲಿ. ಆ ಶಿಸ್ತು ಬಂದ ಗಿಡವೇ ಉಳಿಯುತ್ತದೆ.

ಇನ್ನು ತುಂಬ ಹಿಂದಕ್ಕೆ ಹೋದರೆ, 22 ಇರುವ ರೊಬಸ್ಟಾವೂ ನಿಜದಲ್ಲಿ ಹಳೆಯ ಗುಣಾಕಾರದ ಮಗುವೇ. ಸುಮಾರು 12 ಕೋಟಿ ವರ್ಷದ ಹಿಂದೆ, ದ್ವಿದಳ ಗಿಡಗಳ ಬಹುದೊಡ್ಡ ಗುಂಪಿನ ಮೂಲದಲ್ಲಿ ಇಡೀ ಜೀನೋಮ್ ಮೂರು ಪಟ್ಟಾಗಿತ್ತು. ಕಾಫಿ, ದ್ರಾಕ್ಷಿ, ಹತ್ತಿ, ಟೊಮೆಟೊ ಎಲ್ಲದರಲ್ಲೂ ಅದರ ಗುರುತು ಇದೆ. ಅದಕ್ಕೂ ಮೊದಲು ಹೂ ಬಿಡುವ ಗಿಡಗಳ ಮೂಲದಲ್ಲೊಮ್ಮೆ, ಬೀಜದ ಗಿಡಗಳ ಮೂಲದಲ್ಲೊಮ್ಮೆ ದುಪ್ಪಟ್ಟಾದ ಸುಳಿವು ಸಿಕ್ಕಿದೆ. ಹಾಗಾದರೆ ಇವತ್ತು ಯಾಕೆ ಎಲ್ಲ ಗಿಡದಲ್ಲೂ ನೂರಾರು ಕ್ರೋಮೋಸೋಮ್ ಇಲ್ಲ? ದುಪ್ಪಟ್ಟಾದ ಮೇಲೆ ಗಿಡ ಸುಮ್ನೆ ಇರುವುದಿಲ್ಲ. ಒಂದೇ ಜೀನಿನ ಎರಡು ಪ್ರತಿ ಇದ್ದರೆ ಒಂದು ಕೆಟ್ಟರೂ ನಡೆಯುತ್ತದೆ, ಹಾಗೆ ಬಹಳಷ್ಟು ಪ್ರತಿಗಳು ಕಳೆದುಹೋಗುತ್ತವೆ. ಕೆಲವು ಉಳಿದು ಕೆಲಸ ಹಂಚಿಕೊಳ್ಳುತ್ತವೆ, ಒಂದು ಬೇರಿನಲ್ಲಿ, ಒಂದು ಹೂವಿನಲ್ಲಿ. ಅಪರೂಪಕ್ಕೆ ಒಂದು ಹೊಸ ಕೆಲಸವನ್ನೇ ಹಿಡಿಯುತ್ತದೆ. ಜೊತೆಗೆ ಕ್ರೋಮೋಸೋಮ್‌ಗಳೇ ಒಂದಕ್ಕೊಂದು ಅಂಟಿಕೊಂಡು ಸಂಖ್ಯೆ ಇಳಿಯುತ್ತದೆ.

ಈ ಇಳಿಕೆಯ ಬಗ್ಗೆ ಜನ ಮಾತಾಡುವುದು ಕಡಿಮೆ. ನನಗೆ ಅದು ಏರಿಕೆಯಷ್ಟೇ ಮುಖ್ಯ. ಪ್ರಯೋಗಶಾಲೆಗಳ ಮುದ್ದಿನ ಗಿಡ ಅರಾಬಿಡಾಪ್ಸಿಸ್‌ನ ಪೂರ್ವಜದಲ್ಲಿ 8 ಜೋಡಿ ಇತ್ತು. ಅದರ ಹತ್ತಿರದ ಸಂಬಂಧಿಯಲ್ಲಿ ಇವತ್ತಿಗೂ 8. ಅರಾಬಿಡಾಪ್ಸಿಸ್ ಥಾಲಿಯಾನದಲ್ಲಿ 5. ಮೂರು ಜೋಡಿಯ ಜೀನ್‌ಗಳು ಎಲ್ಲಿ ಹೋದವು? ಎಲ್ಲೂ ಹೋಗಿಲ್ಲ. ಎರಡು ತೆಳು ಪುಸ್ತಕಗಳನ್ನು ಒಂದೇ ಬೈಂಡಿನಲ್ಲಿ ಹೊಲಿದರೆ ಪುಸ್ತಕದ ಸಂಖ್ಯೆ ಇಳಿಯುತ್ತದೆ, ಪುಟಗಳು ಇಳಿಯುವುದಿಲ್ಲ ಅಲ್ವಾ, ಹಾಗೆ. ಜೋಡಣೆಯ ಕಡೆ ಸ್ವಲ್ಪ ಭಾಗ ಹೋಗಿರುತ್ತದೆ, ಅಷ್ಟೇ. ಆದರೆ 8 ಮತ್ತು 5 ಇರುವ ಗಿಡಗಳು ಕೂಡಿದರೆ ಮಿಯೋಸಿಸ್‌ನಲ್ಲಿ ಜೋಡಣೆ ತೊಡಕಾಗುತ್ತದೆ. ಇಲ್ಲೂ ಬೇಲಿಯೇ. ಅದಲ್ಲದೆ, ಮೊದಲು ಬೇರೆ ಬೇರೆ ಕ್ರೋಮೋಸೋಮ್ ಮೇಲಿದ್ದ ಜೀನ್‌ಗಳು ಈಗ ಒಂದೇ ಕಡೆ ಇರುವುದರಿಂದ ಒಟ್ಟಿಗೇ ಮರಿಗಳಿಗೆ ಹೋಗುತ್ತವೆ. ಒಳ್ಳೆಯ ಜೊತೆಗಾರಿಕೆ ಇದ್ದರೆ ಅದು ಚದುರದೆ ಉಳಿಯುತ್ತದೆ.

ಆದ್ದರಿಂದ ಸಂಖ್ಯೆ ನೋಡಿ ಗಿಡದ ದರ್ಜೆ ಅಳೆಯಬಾರದು. ಅಮೆರಿಕದ ಮರುಭೂಮಿಯಲ್ಲಿ ಬೆಳೆಯುವ, ಸೇವಂತಿಗೆಯ ಕುಟುಂಬದ ಹ್ಯಾಪ್ಲೊಪ್ಯಾಪಸ್ ಗ್ರ್ಯಾಸಿಲಿಸ್ ಎಂಬ ಪುಟ್ಟ ಗಿಡದಲ್ಲಿ ಒಟ್ಟು 4 ಕ್ರೋಮೋಸೋಮ್. ನಮ್ಮ ದಕ್ಷಿಣ ಭಾರತದಲ್ಲೂ ಸಿಗುವ ಓಫಿಯೋಗ್ಲಾಸಮ್ ರೆಟಿಕ್ಯುಲೇಟಮ್ ಎಂಬ, ಒಂದೇ ಎಲೆಯ ಸಣ್ಣ ಜರಿಗಿಡದಲ್ಲಿ ಸುಮಾರು 1260. ತಿರುವನಂತಪುರದ ಅಬ್ರಹಾಂ ಮತ್ತು ನೈನಾನ್ 1954ರಲ್ಲಿ ಇದನ್ನು ಎಣಿಸಿ ಪ್ರಕಟಿಸಿದರು. ಇದಕ್ಕೆ ಹೋಲಿಸಿದರೆ ಮನುಷ್ಯನ 46 ಏನೇನೂ ಅಲ್ಲ. ಅಷ್ಟೆಲ್ಲ ಕ್ರೋಮೋಸೋಮ್‌ಗಳು ಜೋಡಿಗೂಡಿ ಸಮವಾಗಿ ಹಂಚಿಕೆಯಾಗಿ ಬೀಜಕಣ ಆಗುತ್ತವೆ ಎನ್ನುವುದನ್ನು ನೆನೆದಾಗೆಲ್ಲ ನನಗೆ ಬೆರಗಾಗುತ್ತದೆ.

ದುಪ್ಪಟ್ಟಾಗುವುದರಿಂದ ವಿಕಾಸಕ್ಕೆ ವೇಗ ಸಿಗುತ್ತದೆಯೇ, ಇಲ್ಲ ಅದು ಕುರುಡು ಓಣಿಯೇ? ಈ ವಾದ ಇನ್ನೂ ಮುಗಿದಿಲ್ಲ. ಹೂ ಬಿಡುವ ಗಿಡಗಳಲ್ಲಿ ಹೊಸ ಜಾತಿ ಹುಟ್ಟಿದ ನೂರು ಸಂದರ್ಭಗಳಲ್ಲಿ ಸುಮಾರು 15ರಲ್ಲಿ, ಜರಿಗಿಡಗಳಲ್ಲಿ ಸುಮಾರು 31ರಲ್ಲಿ ಸೆಟ್‌ಗಳ ಸಂಖ್ಯೆ ಹೆಚ್ಚಿದೆ ಎಂದು 2009ರ ಒಂದು ಅಧ್ಯಯನ ಲೆಕ್ಕ ಹಾಕಿತು. ಇದು ಸಣ್ಣ ಪಾಲಲ್ಲ. ಆದರೆ 2011ರಲ್ಲಿ ಬಂದ ಇನ್ನೊಂದು ಅಧ್ಯಯನದ ಪ್ರಕಾರ ಹೊಸದಾಗಿ ದುಪ್ಪಟ್ಟಾದ ಜಾತಿಗಳು ಬೇಗ ಅಳಿಯುತ್ತವೆ, ಕವಲೊಡೆಯುವುದೂ ಕಡಿಮೆ. ನನಗೆ ಎರಡೂ ಸರಿಯೆನಿಸುತ್ತದೆ. ಹೆಚ್ಚಿನವು ಸಾಯುತ್ತವೆ. ಎಲ್ಲೋ ಒಂದೆರಡು, ಹವೆ ಕೆಟ್ಟು ತವರಿನ ಜಾತಿಗಳೇ ಕಷ್ಟದಲ್ಲಿದ್ದ ಕಾಲದಲ್ಲಿ, ಗಟ್ಟಿಯಾಗಿ ನಿಲ್ಲುತ್ತವೆ. ಸುಮಾರು 6.6 ಕೋಟಿ ವರ್ಷದ ಹಿಂದೆ, ಡೈನೋಸಾರ್‌ಗಳು ಅಳಿದ ಕಾಲದ ಆಸುಪಾಸಿನಲ್ಲೇ ಹಲವು ಸಸ್ಯ ವಂಶಗಳಲ್ಲಿ ಜೀನೋಮ್ ದುಪ್ಪಟ್ಟಾದ ಗುರುತು ಸಿಗುವುದು ಇದಕ್ಕೆ ಹೊಂದುತ್ತದೆ. ಕಾಲದ ಲೆಕ್ಕ ಅಷ್ಟು ನಿಖರ ಅಲ್ಲ ಎನ್ನುವವರೂ ಇದ್ದಾರೆ.

ಮೂರು ಸೆಟ್ಟಿನ ಗಿಡಗಳು ಮನುಷ್ಯನ ಕೈಯಲ್ಲಿ ಉಳಿದದ್ದೂ ಉಂಟು. ಪಚ್ಚಬಾಳೆ, ನಂಜನಗೂಡು ರಸಬಾಳೆ ಎರಡರಲ್ಲೂ 33. ಬೀಜ ಇಲ್ಲದ್ದರಿಂದ ನಮಗೆ ಪ್ರಿಯ, ಕಂದು ನೆಟ್ಟು ಉಳಿಸಿಕೊಂಡೆವು. ಆದರೆ ಕಂದಿನಿಂದ ಕಂದಿಗೆ ಗಿಡ ಬದಲಾಗುವುದಿಲ್ಲ. ಪನಾಮಾ ಸೊರಗು ರೋಗ ಬಂದಾಗ ರಸಬಾಳೆಗೆ ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಕಬ್ಬಿನ ಕಥೆ ಇನ್ನೂ ಗೋಜಲು. ಸಿಹಿ ಕಬ್ಬಿನಲ್ಲಿ 80, ಕಾಡು ಕಬ್ಬಿನಲ್ಲಿ ಜಾಗಕ್ಕೆ ತಕ್ಕಂತೆ 40ರಿಂದ 128. ಎರಡನ್ನೂ ಕೂಡಿಸಿ ಕೊಯಮತ್ತೂರಿನಲ್ಲಿ ಮಾಡಿದ ತಳಿಗಳೇ ಇವತ್ತಿನ ಗದ್ದೆಯ ಕಬ್ಬು, ಸಂಖ್ಯೆ 100 ದಾಟುತ್ತದೆ. ಅಲ್ಲಿ ಈ ಎಣಿಕೆಯಲ್ಲಿ ತೊಡಗಿದ್ದವರು ತಲಚೇರಿಯ ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್. ಬೆಳೆಗಿಡಗಳ ಕ್ರೋಮೋಸೋಮ್ ಸಂಖ್ಯೆಗಳ ದೊಡ್ಡ ಕೋಶವನ್ನು 1945ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಡಾರ್ಲಿಂಗ್ಟನ್ ಜೊತೆ ಹೊರತಂದವರೂ ಅವರೇ. ನಿಮ್ಮ ಮಗಳಿಗೆ ಈ ಹೆಸರು ಹೇಳಿ.

ಈಗ ನಿಮ್ಮ ತೋಟದ ಗಿಡಕ್ಕೆ ಬರೋಣ. ಜೋರಾಗಿ ಬೆಳೆಯುವುದು, ಹೂವು ಬಿಟ್ಟೂ ಕಾಯಿ ಕಟ್ಟದಿರುವುದು, ಅಕ್ಕಪಕ್ಕ ಎರಡೂ ಜಾತಿ ಇರುವುದು, ಮೂರನ್ನೂ ಸೇರಿಸಿ ನೋಡಿದರೆ ಅದು 33ರ ಬೆರಕೆ ಎನ್ನುವ ಗುಮಾನಿ ಬಲವಾಗುತ್ತದೆ. ಹೂಮಳೆ ಒಟ್ಟಿಗೆ ಬಿದ್ದು ಎರಡೂ ಒಂದೇ ಸಮಯಕ್ಕೆ ಅರಳಿದರೆ ಇದು ಸಹಜ. ಒಂಟಿ ರೊಬಸ್ಟಾ ಸಸಿಯೂ ಹೊಂದುವ ಪರಾಗ ಸಿಗದೆ ಕಾಯಿ ಬಿಡದೆ ಇರಬಹುದು, ನಿಮ್ಮಲ್ಲಿ ರೊಬಸ್ಟಾ ಸಾಲೇ ಇರುವುದರಿಂದ ಆ ಸಾಧ್ಯತೆ ಕಡಿಮೆ.

ಮಗಳ ಕಾಲೇಜಿನ ಮೈಕ್ರೋಸ್ಕೋಪಿನಲ್ಲೇ ಮೊದಲ ಪರೀಕ್ಷೆ ಮಾಡಬಹುದು. ಬೆಳೆದ ಎಲೆಯ ತಳಭಾಗಕ್ಕೆ ಬಣ್ಣವಿಲ್ಲದ ನೇಲ್ ಪಾಲಿಶ್ ತೆಳ್ಳಗೆ ಹಚ್ಚಿ, ಒಣಗಿದ ಮೇಲೆ ಸೆಲ್ಲೋಟೇಪಿನಿಂದ ಕಿತ್ತು ಗಾಜಿನ ಮೇಲೆ ಅಂಟಿಸಿ. 400 ಪಟ್ಟಿನಲ್ಲಿ ಎಲೆಯ ಉಸಿರುರಂಧ್ರಗಳ ಅಚ್ಚು ಚೆನ್ನಾಗಿ ಕಾಣುತ್ತದೆ. ಅರೇಬಿಕಾ, ರೊಬಸ್ಟಾ, ಈ ಗಿಡ, ಮೂರರದನ್ನೂ ಒಂದೇ ನೆರಳಿನಲ್ಲಿರುವ, ಒಂದೇ ವಯಸ್ಸಿನ ಎಲೆಯಿಂದ ತೆಗೆಯಿರಿ. ಸೆಟ್ ಹೆಚ್ಚಾದಂತೆ ರಂಧ್ರದ ಎರಡು ಕಾವಲು ಕೋಶಗಳು ಉದ್ದವಾಗುತ್ತವೆ. ಅರೇಬಿಕಾದಲ್ಲಿ ದೊಡ್ಡದು, ರೊಬಸ್ಟಾದಲ್ಲಿ ಚಿಕ್ಕದು, 33ರದ್ದು ನಡುವೆ. ಒಂದೆರಡು ಅಳೆದು ತೀರ್ಮಾನ ಬೇಡ, ಒಂದೊಂದರಲ್ಲೂ ಐವತ್ತಾದರೂ ಅಳೆಯಲಿ.

ಹೂವಿನ ಕಾಲದಲ್ಲಿ ಎರಡನೆಯ ಪರೀಕ್ಷೆ. ಪರಾಗವನ್ನು ಗಾಜಿನ ಮೇಲೆ ಉದುರಿಸಿ ಅಸಿಟೋಕಾರ್ಮೈನ್ ಎಂಬ ಕೆಂಪು ಬಣ್ಣದ ಒಂದು ಹನಿ ಬಿಡಿ. ಗಟ್ಟಿ ಪರಾಗ ದುಂಡಗೆ, ಕೆಂಪಗೆ ತುಂಬಿಕೊಳ್ಳುತ್ತದೆ. ಜೊಳ್ಳು ಬಣ್ಣ ಹಿಡಿಯದೆ ಮುದುಡಿರುತ್ತದೆ. ಬಹುಪಾಲು ಜೊಳ್ಳಾಗಿ, ಕಣಗಳ ಗಾತ್ರ ಒಂದೊಂದು ಒಂದೊಂದು ಥರ ಇದ್ದರೆ ಗುಮಾನಿ ಇನ್ನೂ ಗಟ್ಟಿ. ಖಚಿತವಾಗಲು ಮಾತ್ರ ಎಣಿಸಲೇಬೇಕು. ಕಾಫಿಯ ಕ್ರೋಮೋಸೋಮ್‌ಗಳು ತುಂಬ ಚಿಕ್ಕವು, ಈರುಳ್ಳಿ ಬೇರಿನಲ್ಲಿ 16 ಎಣಿಸಿದಷ್ಟು ಸುಲಭವಲ್ಲ. ಕಡ್ಡಿ ನೆಟ್ಟು ಬೇರು ಬರಿಸಿ, ಎಳೆ ಬೇರಿನ ತುದಿಯನ್ನು ಅನುಭವ ಇರುವ ಪ್ರಯೋಗಾಲಯಕ್ಕೆ ಕೊಡುವುದು ಒಳ್ಳೆಯದು.

33 ಬಂದರೂ ಗಿಡವನ್ನು ಕಡಿಯಬೇಡಿ. ಕೊಡಗಿನಲ್ಲಿ ಸಿಕ್ಕಿದ ದೇವಮಾಚಿ ಎಂಬ ಗಿಡವೂ ಅರೇಬಿಕಾ, ರೊಬಸ್ಟಾ ತಾವಾಗಿ ಕೂಡಿ ಆದದ್ದೇ, ತಳಿ ಕೆಲಸಕ್ಕೆ ಅದನ್ನು ಬಳಸಿಕೊಂಡರು. ನಿಮ್ಮ ಗಿಡದ ಬೆರಳೆಣಿಕೆಯ ಕಾಯಿಗಳನ್ನು ಬೇರೆಯಾಗಿ ಕಿತ್ತು, ಬೀಜ ಒಣಗಿಸದೆ ಪಾತಿಗೆ ಹಾಕಿ. ಅಕ್ಕಪಕ್ಕದ ಅರೇಬಿಕಾ ಪರಾಗ ಬಿದ್ದು ಕಟ್ಟಿದ ಬೀಜಗಳಲ್ಲಿ ಕೆಲವು 44ರ ಹತ್ತಿರ ಇರಬಹುದು, ಅಂಥವು ಮುಂದೆ ಕಾಯಿ ಕಟ್ಟುತ್ತವೆ. ಸಸಿಗಳು ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಒಂದೊಂದಕ್ಕೂ ನಂಬರ್ ಹಾಕಿ ನೆಡಿ. ತುಕ್ಕು ಹತ್ತುತ್ತದೆಯೇ ಇಲ್ಲವೇ ಎಂದು ಎರಡು ಮೂರು ಮಳೆಗಾಲ ಬರೆದಿಡಿ. ಒಂದಿಷ್ಟು ಸಸಿ ತುಕ್ಕಿಲ್ಲದೆ ನಿಂತರೆ ಬಾಳೆಹೊನ್ನೂರಿನವರಿಗೆ ತಿಳಿಸಿ.